ಟ್ರಿಗರ್ ಮೀನಿಗೆ ಹುಚ್ಚು ಹಿಡಿದಿಲ್ಲ

ತುಮಕೂರಿನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರ ಮನೆಗೆ ಸರ್ವಿಸ್‌ಗೆ ಹೋದಾಗ ಈ ದೂರು ಆಗಾಗ ಕೇಳುತ್ತೇನೆ. "ಸಾರ್, ಈ ಮೀನಿಗೆ ಏನೋ ಹುಚ್ಚು. ಕಲ್ಲು ಎಳೆದಾಡುತ್ತೆ, ಪಂಪಿನ ವೈರ್ ಕಚ್ಚುತ್ತೆ, ಜೊತೆಗೆ ಬಿಟ್ಟ ಸೀಗಡಿ ಒಂದೂ ಉಳಿದಿಲ್ಲ." ನೋಡಿದರೆ ಕ್ಲೌನ್ ಟ್ರಿಗರ್, ಟ್ರಿಗರ್ ಮೀನಿನ ಒಂದು ಜಾತಿ. ಕಪ್ಪು ಮೈ, ಹೊಟ್ಟೆ ತುಂಬ ದೊಡ್ಡ ಬಿಳಿ ಚುಕ್ಕೆ, ಹಳದಿ ಬಾಯಿ. ಬೆರಳುದ್ದದ ಮರಿ ಕಂಡರೆ ಯಾರಿಗೂ ಆಸೆಯಾಗುತ್ತದೆ, ಅಲ್ವಾ? ಅದು 50 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ ಅಂತ ಹೇಳಿ ಮಾರುವವರು ಕಡಿಮೆ.

ಕಚ್ಚುವುದು, ಎತ್ತಿ ಹಾಕುವುದು ಅದರ ಬದುಕು. ಹವಳದ ದಿಬ್ಬದಲ್ಲಿ ಏಡಿ, ಚಿಪ್ಪು, ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಇವನ್ನೆಲ್ಲ ಒಡೆದು ತಿನ್ನುವ ಮೀನು ಇದು. ಅರ್ಚಿನ್ ಸಿಕ್ಕರೆ ಸುಮ್ನೆ ಬಾಯಿ ಹಾಕುವುದಿಲ್ಲ. ಬಾಯಿಂದ ಜೋರಾಗಿ ನೀರು ಊದಿ ಅದನ್ನು ಮಗುಚುತ್ತದೆ, ಮುಳ್ಳು ಚಿಕ್ಕದಿರುವ ಕೆಳಭಾಗ ಮೇಲೆ ಬಂದ ಮೇಲೆ ಅಲ್ಲಿಂದ ಕಚ್ಚಿ ಒಡೆಯುತ್ತದೆ. ಕಣ್ಣು ಬಾಯಿಯಿಂದ ಬಹಳ ಹಿಂದೆ, ತಲೆಯ ಮೇಲುಗಡೆ ಇದೆ. ಹಾಗಾಗಿ ಮುಳ್ಳು ಕಣ್ಣಿಗೆ ತಾಗುವುದು ಕಷ್ಟ. ಒಂದೊಂದು ಕಣ್ಣೂ ಒಂದೊಂದು ಕಡೆ ತಿರುಗಬಲ್ಲದು. ಕೀನ್ಯಾದಲ್ಲಿ ಟ್ರಿಗರ್ ಮೀನನ್ನು ಜಾಸ್ತಿ ಹಿಡಿದ ಕಡೆ ಅರ್ಚಿನ್ ಹೆಚ್ಚಾಗಿ ಹವಳದ ದಿಬ್ಬವನ್ನೇ ಕೆರೆದು ಸವೆಸಿವೆ. ನಾವು ಪುಂಡ ಅಂತ ಬೈಯುವ ಮೀನು ಅಲ್ಲಿ ಹವಳ ಕಾಯುತ್ತಿತ್ತು.

ಮೊಟ್ಟೆ ಇಟ್ಟಾಗ ಮಾತ್ರ ನಿಜಕ್ಕೂ ಹುಷಾರಾಗಿರಬೇಕು. 75 ಸೆಂಟಿಮೀಟರ್‌ವರೆಗೆ ಬೆಳೆಯುವ ಇನ್ನೊಂದು ಜಾತಿ, ಟೈಟನ್ ಟ್ರಿಗರ್, ಮರಳಲ್ಲಿ ಗುಂಡಿ ತೋಡಿ ಮೊಟ್ಟೆ ಕಾಯುತ್ತದೆ, ಹತ್ತಿರ ಬಂದ ಡೈವರ್‌ಗಳನ್ನು ಕಚ್ಚುತ್ತದೆ. ಅದು ಕಾಯುವ ಜಾಗ ಮೇಲಕ್ಕೆ ಹೋದಷ್ಟೂ ಅಗಲ. ಅಂಡಮಾನಿಗೆ ಡೈವಿಂಗ್‌ಗೆ ಹೋಗುವವರು ನೆನಪಿಡಿ: ಮೇಲಕ್ಕೆ ಏಳಬೇಡಿ, ಅಡ್ಡಕ್ಕೆ ಈಜಿ ದೂರ ಹೋಗಿ.

ಸಾಕಲೇಬೇಕು ಅನ್ನುವವರಿಗೆ ನಾನು ಕೆಂಪು ಹಲ್ಲಿನ ಟ್ರಿಗರ್ ಹೇಳುತ್ತೇನೆ. ಮಲ್ಪೆ ಬಂದರಿನಲ್ಲಿ ಕಾರ್ಗಿಲ್ ಮೀನು ಅಂತಾರಲ್ಲ, ಅದೇ. ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ಜಾಸ್ತಿ ತಿನ್ನುವ ಮೀನು, ಸ್ವಭಾವದಲ್ಲಿ ಮೆದು. ಅದಕ್ಕೂ ದೊಡ್ಡ ಟ್ಯಾಂಕೇ ಬೇಕು. ನಮ್ಮ ಬೋರ್ ನೀರು ಬೇಡ, ಆರ್‌ಒ ನೀರಿಗೇ ಉಪ್ಪು ಬೆರೆಸಿ. ಸೀಗಡಿಯನ್ನು ಸಿಪ್ಪೆ ಸಮೇತ ಕೊಡಿ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿ ಪದಾರ್ಥ ಕಚ್ಚಿದರೇ ಸವೆಯುವುದು.

ಇನ್ನೊಂದು, ಈ ಮೀನಿಗೆ ಬಲೆ ಹಾಕಬೇಡಿ. ಹೆದರಿದಾಗ ಬೆನ್ನಿನ ಮೊದಲ ಮುಳ್ಳು ಎದ್ದು ನಿಲ್ಲುತ್ತದೆ, ಎರಡನೆಯ ಮುಳ್ಳು ಅದರ ಬುಡಕ್ಕೆ ಅಗುಳಿ ಹಾಕುತ್ತದೆ. ಸಂದಿಯಲ್ಲಿ ಹೀಗೆ ಸಿಕ್ಕಿಸಿಕೊಂಡರೆ ದೊಡ್ಡ ಮೀನೂ ಎಳೆದು ತೆಗೆಯಲಾರದು. ರಾತ್ರಿ ಮಲಗುವುದೂ ಹಾಗೇ. ಬಲೆಯಲ್ಲಿ ಆ ಮುಳ್ಳು ಸಿಕ್ಕಿಕೊಂಡರೆ ಎಳೆದು ಬಿಡಿಸಲು ಹೋಗಿ ಮೀನಿಗೆ ಗಾಯ ಮಾಡುತ್ತೀರಿ. ಪ್ಲಾಸ್ಟಿಕ್ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ನಿಧಾನವಾಗಿ ಅದರೊಳಗೆ ಓಡಿಸಿ, ನೀರಿನ ಸಮೇತ ಎತ್ತಿ. ಆಗಲೇ ಬಲೆಗೆ ಸಿಕ್ಕಿದ್ದರೆ ನೀರಿನೊಳಗೇ ಇಟ್ಟು ಬಲೆಯ ದಾರ ಕತ್ತರಿಸಿ.