ಪಿಜ್ಜಾ ಇರಲಿ, ಅಜ್ಜಿಯನ್ನು ಸರಿಮಾಡೋಣ

ಮಕ್ಕಳ ಕಾರ್ಟೂನ್‌ಗಳಿಗೆ ಕನ್ನಡ ಮಾತು ಬರೆಯುವುದು ನನ್ನ ಕೆಲಸ. ಅಮೆರಿಕದ್ದೋ ಯುರೋಪಿನದೋ ಸರಣಿ ಬಂದಾಗಲೆಲ್ಲ ಬರೆಸುವವರದು ಒಂದೇ ಮಾತು: "ವಿದೇಶಿ ಸಂಸ್ಕೃತಿ ಜಾಸ್ತಿ ಕಾಣಬಾರದು. ಪಿಜ್ಜಾ ಇದ್ದಲ್ಲಿ ರೊಟ್ಟಿ ಅನ್ನಿ."

ಅವರ ಕಾಳಜಿ ನಿಜವಾದದ್ದೇ. ಆದರೆ ತೆರೆಯ ಮೇಲೆ ಚೀಸ್ ದಾರದ ಹಾಗೆ ಎಳೆಯುತ್ತಿರುತ್ತದೆ ಅಲ್ವಾ? ಪಿಜ್ಜಾ ಅನ್ನಲು ತುಟಿ ಮುಚ್ಚಿ ತೆರೆಯಬೇಕು, ರೊಟ್ಟಿಗೆ ಬೇಡ. ನಾಲ್ಕು ವರ್ಷದ ಮಗುವಿಗೂ ಈ ಎಡವಟ್ಟು ಗೊತ್ತಾಗುತ್ತದೆ. ತಿಂಡಿಯ ಹೆಸರು ಬದಲಿಸಿದ ಮಾತ್ರಕ್ಕೆ ಕಾರ್ಟೂನ್ ನಮ್ಮದಾಗುವುದಿಲ್ಲ.

ಯಾರು ಯಾರನ್ನು ಏನಂತ ಕರೆಯುತ್ತಾರೆ ಅನ್ನುವುದನ್ನು ನೋಡಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಇಂಗ್ಲಿಷಿನ 'ಅಂಕಲ್' ಬಂದರೆ ನನ್ನ ಪೆನ್ನು ನಿಲ್ಲುತ್ತದೆ. ಅಮ್ಮನ ತಮ್ಮನೋ, ಅಪ್ಪನ ತಮ್ಮನೋ? ಮಾವ ಅನ್ನಬೇಕೋ, ಚಿಕ್ಕಪ್ಪ ಅನ್ನಬೇಕೋ? ಹಿಂದಿನ ಕಂತುಗಳನ್ನೆಲ್ಲ ಹುಡುಕಬೇಕು. 'ಯೂ' ಇನ್ನೂ ಕಷ್ಟ. ಅಪ್ಪನಿಗೆ ನೀವು, ಅಮ್ಮನಿಗೆ ನೀನು ಅನ್ನುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಆದರೆ ಯೋಚನೆ ಮಾಡದೆ ಸುಮ್ನೆ ಎಲ್ಲರಿಗೂ 'ನೀವು' ಹಾಕಿದರೆ, ರೊಟ್ಟಿ ತಿಂದರೂ ಅದು ಪರದೇಶದ ಮನೆಯೇ.

ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೂಡಿಸುವ ಈ ಡಬ್ಬಿಂಗೇ ಬೇಡ ಅನ್ನುವವರೂ ಇದ್ದಾರೆ. 1960ರ ದಶಕದಲ್ಲಿ ಕನ್ನಡ ಕಲಾವಿದರ ಅನ್ನ ಉಳಿಯಲಿ ಅಂತ ಚಿತ್ರರಂಗದವರೇ ಕನ್ನಡ ಡಬ್ಬಿಂಗಿಗೆ ತಡೆ ಹಾಕಿದರು. ಆಗ ಅದು ಬೇಕಿತ್ತು ಅಂತಲೇ ನನ್ನ ಅನಿಸಿಕೆ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪು ಎಂದಿತು. ತಡೆ ಇದ್ದ ಆ ವರ್ಷಗಳಲ್ಲಿ ಎಷ್ಟೋ ಮಕ್ಕಳು ಕಾರ್ಟೂನನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿದರು. ಆಟವಾಡುವಾಗ ಆ ಭಾಷೆಯಲ್ಲೇ ಜಗಳವನ್ನೂ ಆಡಿದರು. ಅವರ ಆಟದ ಮಾತು ನಮ್ಮ ಕೈತಪ್ಪಿತಲ್ಲ ಅಂತ ನನಗೆ ಈಗಲೂ ಸಂಕಟ.

ಒಮ್ಮೆ ನಾನೂ ಅವಸರದಲ್ಲಿ ಇಡೀ ಕಂತಿನಲ್ಲಿ ಅಜ್ಜಿಗೆ 'ನೀವು' ಬರೆದಿದ್ದೆ. ದನಿ ಕೊಡಲು ಬಂದ ಎಂಟು ವರ್ಷದ ಹುಡುಗಿ ಮೈಕಿನ ಮುಂದೆ ನಿಂತು ಕೇಳಿದಳು: "ಇವರು ಇವಳ ಸ್ವಂತ ಅಜ್ಜಿನಾ, ಪಕ್ಕದ ಮನೆ ಅಜ್ಜಿನಾ?"

ರೆಕಾರ್ಡಿಂಗ್ ನಿಲ್ಲಿಸಿದೆವು. ಅಲ್ಲೇ ಕೂತು ಆ ಸಾಲುಗಳನ್ನೆಲ್ಲ ತಿದ್ದಿದೆ. "ಬಾ ಅಜ್ಜಿ, ಪಿಜ್ಜಾ ಆರಿಹೋಗುತ್ತೆ" ಅನ್ನುವುದನ್ನು ಅವಳು ಒಂದೇ ಸಲಕ್ಕೆ ಹೇಳಿ ಮುಗಿಸಿದಳು.