ವಯೋಗುಂಪಿನ ವಿಭಜನೆ: ಐದು ವರ್ಷಗಳ ಮರಣ ದರವನ್ನು ವರ್ಷವಾರು ಬಿಡಿಸುವ ಕ್ರಮ

ಒಂದೇ ಕಾಲಕ್ಕೆ ಹುಟ್ಟಿದರೆಂದು ಭಾವಿಸಿದ ಒಂದು ಲಕ್ಷ ಶಿಶುಗಳಲ್ಲಿ ಯಾವ ವಯಸ್ಸಿಗೆ ಎಷ್ಟು ಮಂದಿ ಉಳಿದಿರುತ್ತಾರೆ ಎಂದು ತೋರಿಸುವ ಪಟ್ಟಿಗೆ ಜೀವಿತ ಕೋಷ್ಟಕ ಎಂದು ಹೆಸರು. ಪ್ರತಿ ವಯಸ್ಸಿಗೂ ಒಂದೊಂದು ಸಾಲಿದ್ದರೆ ಅದು ಪೂರ್ಣ ಕೋಷ್ಟಕ. 0, 1–4, 5–9, 10–14 ಎಂದು ಗುಂಪುಗಳಿದ್ದರೆ ಸಂಕ್ಷಿಪ್ತ ಕೋಷ್ಟಕ. ಆಯ್ದ ಊರು, ಬಡಾವಣೆಗಳ ಜನನ ಮರಣಗಳನ್ನು ಸತತವಾಗಿ ದಾಖಲಿಸುವ ಭಾರತದ ಮಾದರಿ ನೋಂದಣಿ ವ್ಯವಸ್ಥೆಯಿಂದ ದೊರೆಯುವುದು ಸಂಕ್ಷಿಪ್ತ ಕೋಷ್ಟಕ. ಅದರಿಂದ ಪೂರ್ಣ ಕೋಷ್ಟಕವನ್ನು ಕಟ್ಟುವ ಕ್ರಮವನ್ನೇ ಇಲ್ಲಿ ವಯೋಗುಂಪಿನ ವಿಭಜನೆ ಎಂದಿದ್ದೇನೆ.

ಮೊದಲೇ ಬಿಡಿಬಿಡಿಯಾಗಿ ಲೆಕ್ಕ ಹಾಕಬಾರದೇ ಎಂಬ ಪ್ರಶ್ನೆ ಸಹಜ. ಬಂಟ್ವಾಳದ ಕಡೆ ಹಿರಿಯರೊಬ್ಬರ ವಯಸ್ಸು ಕೇಳಿದರೆ, “ಎಪ್ಪತ್ತನಾಲ್ಕರ ನೆರೆಗೆ ನಾನು ಶಾಲೆಗೆ ಹೋಗುತ್ತಿದ್ದೆ, ಅರುವತ್ತು ಆಗಿರಬಹುದು” ಎಂಬಂಥ ಉತ್ತರ ಬರುತ್ತದೆ. ಹೀಗೆ ಸೊನ್ನೆ, ಐದರಲ್ಲಿ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನ ರಾಶಿ ಬೀಳುತ್ತಾರೆ, 59 ಮತ್ತು 61 ಬಡವಾಗುತ್ತವೆ. ಜೊತೆಗೆ, 2011ರ ಜನಗಣತಿಯಂತೆ ಸುಮಾರು 11.77 ಲಕ್ಷ ಜನರಿದ್ದ ಉಡುಪಿಯಂಥ ಜಿಲ್ಲೆಯಲ್ಲಿ ಒಂದೇ ವಯಸ್ಸಿನವರ ಸಾವುಗಳು ಎಷ್ಟು ಕಡಿಮೆಯೆಂದರೆ, ವರ್ಷದಿಂದ ವರ್ಷಕ್ಕೆ ಅವು ಆಕಸ್ಮಿಕವಾಗಿಯೇ ಏರಿಳಿಯುತ್ತವೆ.

60 ತುಂಬಿದ 1,000 ಮಂದಿಯಲ್ಲಿ 900 ಮಂದಿ 65 ತಲುಪುತ್ತಾರೆ ಎಂದಿಟ್ಟುಕೊಳ್ಳೋಣ. ಐದೂ ವರ್ಷ ಅಪಾಯ ಒಂದೇ ಎಂದು ಹಂಚಿದರೆ ಮರಣ ದರ ವರ್ಷಕ್ಕೆ ಸಾವಿರಕ್ಕೆ ಸುಮಾರು 21 ಆಗುತ್ತದೆ. ಲೆಕ್ಕ ತಪ್ಪಲ್ಲ, ಆದರೆ ಅರುವತ್ತರವರಿಗೂ ಅರುವತ್ತನಾಲ್ಕರವರಿಗೂ ಅದು ಸಲ್ಲದು. ನಡುವಯಸ್ಸಿನ ನಂತರ ಸಾವಿನ ಅಪಾಯ ಗುಣೋತ್ತರವಾಗಿ, ಅಂದರೆ ವರ್ಷವರ್ಷವೂ ಒಂದೇ ಪ್ರಮಾಣದಿಂದ ಗುಣಿಸಿದಂತೆ, ಏರುತ್ತದೆಂದು ಬ್ರಿಟಿಷ್ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲೇ ತೋರಿಸಿದ್ದರು. ಏರಿಕೆಯನ್ನು ವರ್ಷಕ್ಕೆ ಶೇ. 9 ಎಂದು ಹಿಡಿದರೆ, ಅದೇ ನೂರು ಸಾವುಗಳಿಂದ ಅರುವತ್ತರ ದರ ಸಾವಿರಕ್ಕೆ 17.5ರ ಆಸುಪಾಸಿನಲ್ಲೂ ಅರುವತ್ತನಾಲ್ಕರದು 24.5ರ ಆಸುಪಾಸಿನಲ್ಲೂ ನಿಲ್ಲುತ್ತದೆ.

ಇಂಥ ಸೂತ್ರವನ್ನು ಮೊದಲೇ ನಂಬದವರು ಅಂತರ್ವೇಶನದ ದಾರಿ ಹಿಡಿಯುತ್ತಾರೆ: 5, 10, 15ರಲ್ಲಿ ಉಳಿದವರ ಸಂಖ್ಯೆಗಳ ಮೂಲಕ ನಯವಾದ ವಕ್ರರೇಖೆಯನ್ನು ಹಾಯಿಸಿ, ಪಕ್ಕಪಕ್ಕದ ವಯಸ್ಸುಗಳ ವ್ಯತ್ಯಾಸದಿಂದ ಸಾವುಗಳನ್ನು ಓದಿಕೊಳ್ಳುತ್ತಾರೆ. ಬಿಡಿಸಿದ ಸಾವುಗಳನ್ನು ಕೂಡಿದಾಗ ಗುಂಪಿನ ಮೊತ್ತ ಹಾಗೆಯೇ ಮರಳಬೇಕು. ರೇಖೆ ಎಲ್ಲಿಯೂ ಮೇಲಕ್ಕೆ ಹೋಗಬಾರದು, ಹೋದರೆ ಸತ್ತವರು ಎದ್ದು ಬಂದಂತಾಗುತ್ತದೆ! ಶೈಶವದಲ್ಲಿ ದರ ಕಡಿದಾಗಿ ಇಳಿಯುವುದರಿಂದ ಮೊದಲ ವರ್ಷವನ್ನು ಪ್ರತ್ಯೇಕವಾಗಿಯೇ ಇಡುತ್ತಾರೆ. 85 ದಾಟಿದವರ ಗುಂಪಿಗೆ ಮೇಲಿನ ಗಡಿಯೇ ಇಲ್ಲವಾದ್ದರಿಂದ ಅಲ್ಲಿ ಗೊಂಪರ್ಟ್ಜ್‌ನಂಥ ಸೂತ್ರ ಅನಿವಾರ್ಯ.

ನಮ್ಮ ಜಿಲ್ಲೆಗಳ ಅಂಕಿಗಳಿಗೆ ಇದನ್ನು ಅನ್ವಯಿಸುವಾಗ ಇನ್ನೊಂದು ಎಚ್ಚರ ಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಸಂಭವಿಸಿದಲ್ಲೇ ನೋಂದಣಿಯಾಗುತ್ತದೆ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡು, ಶಿವಮೊಗ್ಗ, ಉತ್ತರ ಕನ್ನಡದಿಂದಲೂ ರೋಗಿಗಳು ಬರುತ್ತಾರೆ. ಅಂಶದಲ್ಲಿ ಹೊರಗಿನವರು, ಛೇದದಲ್ಲಿ ಊರಿನವರು ಮಾತ್ರ ಇದ್ದರೆ ಎಷ್ಟೇ ನಯವಾದ ರೇಖೆ ಎಳೆದರೂ ದರ ಸರಿಯಾಗದು. ಹಾಗಾಗಿ ಸಾವುಗಳನ್ನು ಮೊದಲು ವಾಸಸ್ಥಳದ ಪ್ರಕಾರ ವಿಂಗಡಿಸಿಕೊಂಡು, ಆಮೇಲೆಯೇ ವಯಸ್ಸಿನ ಗಂಟು ಬಿಚ್ಚಬೇಕು.