ಪ್ರಶ್ನೆ ಎಲ್ಲಿ ಕೇಳಬೇಕು? ಓಪನ್ ಸೋರ್ಸ್ ಹರಟೆಕಟ್ಟೆಗಳ ಗುಳೆ

ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಕ್ಕೆ ಕೈ ಜೋಡಿಸಲು ಹೊಸಬರೊಬ್ಬರು ಬರುತ್ತಾರೆ. ಪ್ರಾಜೆಕ್ಟಿನ ಪರಿಚಯ ಹೇಳುವ ರೀಡ್‌ಮಿ ಕಡತ ತೆರೆದರೆ ಸಂಪರ್ಕಕ್ಕೆ ಐದು ಲಿಂಕ್: ಮೇಲಿಂಗ್ ಲಿಸ್ಟ್ (ಒಂದು ಮೇಲ್ ಎಲ್ಲ ಸದಸ್ಯರಿಗೂ ಹೋಗುವ ಪಟ್ಟಿ), ಮತ್ತೆ ಹರಟೆಯ ಜಾಗಗಳಾದ ಐಆರ್‌ಸಿ, ಮ್ಯಾಟ್ರಿಕ್ಸ್, ಡಿಸ್ಕಾರ್ಡ್, ಟೆಲಿಗ್ರಾಮ್. ಅದರಲ್ಲಿ ಎರಡು ಕಡೆ ಮಾತು ನಿಂತು ವರ್ಷವಾಗಿದೆ. ಯಾವ ಬಾಗಿಲು ತಟ್ಟಬೇಕು?

ಶುರುವಿಗೆ ಇದ್ದದ್ದು ಇಮೇಲ್ ಮತ್ತು ಯೂಸ್‌ನೆಟ್ ಎಂಬ ಚರ್ಚಾಜಾಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಬಗ್ಗೆ ಹೇಳಿಕೊಂಡದ್ದೂ ಮಿನಿಕ್ಸ್ ಎಂಬ ಇನ್ನೊಂದು ಸಿಸ್ಟಂ ಬಳಸುವವರ ಯೂಸ್‌ನೆಟ್ ಗುಂಪಿನಲ್ಲೇ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೆಲಸ ಇವತ್ತಿಗೂ ಇಮೇಲ್‌ನಲ್ಲೇ ನಡೆಯುತ್ತದೆ. ಬಣ್ಣ, ದಪ್ಪಕ್ಷರ ಹಾಕುವ ಎಚ್‌ಟಿಎಂಎಲ್ ಮೇಲ್ ಕಳಿಸಿದರೆ ಅಲ್ಲಿನ ಸರ್ವರ್ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಹರಟೆಗೆ ಐಆರ್‌ಸಿ (ಇಂಟರ್ನೆಟ್ ರಿಲೇ ಚಾಟ್) ಇತ್ತು. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಬರೆದದ್ದು. ಹಗುರ, ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ನೀವು ಇಲ್ಲದಾಗ ಬಂದ ಮಾತು ನಿಮಗೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಎಂಟಕ್ಕೆ ಪ್ರಶ್ನೆ ಕೇಳಿದಿರಿ ಅನ್ನಿ. ಉತ್ತರ ಗೊತ್ತಿರುವವರು ಕ್ಯಾಲಿಫೋರ್ನಿಯಾದಲ್ಲಿ ಆಗಷ್ಟೇ ಹಾಸಿಗೆ ಬಿಟ್ಟಿರುತ್ತಾರೆ. ಅವರು ಕಾಫಿ ಮುಗಿಸಿ ಬರೆಯುವಷ್ಟರಲ್ಲಿ ನೀವು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಕೂತಾಗಿದೆ. ಹಳಬರು ಸದಾ ಆನ್ ಇರುವ ಸರ್ವರ್‌ನಲ್ಲಿ 'ಬೌನ್ಸರ್' ಎಂಬ ಪ್ರೋಗ್ರಾಂ ಓಡಿಸಿ ಮಾತು ಹಿಡಿದಿಡುತ್ತಿದ್ದರು. ಈಜು ಕಲಿಯಲು ಬಂದವರಿಗೆ ಮೊದಲು ಬಾವಿ ತೋಡಿ ಅಂದ ಹಾಗಲ್ವಾ? ಕನ್ನಡದವರಿಗೆ ಇನ್ನೊಂದು ತೊಡಕು. ಐಆರ್‌ಸಿಯ ಒಂದು ಸಾಲಿಗೆ 512 ಬೈಟ್ ಮಿತಿ. 'ಕ' ಒಂದಕ್ಕೇ 3 ಬೈಟ್ ಬೇಕು, 'ಕ್ಷ'ಕ್ಕೆ 9. ಮಾತು ಅರ್ಧಕ್ಕೇ ತುಂಡಾಗುತ್ತಿತ್ತು.

ಆಮೇಲೆ ಬಂದದ್ದು ಸ್ಲ್ಯಾಕ್ ಎಂಬ ಚಾಟ್ ಆ್ಯಪ್. ಇಮೇಲ್ ಕೊಟ್ಟರೆ ಸಾಕು, ಒಳಗೆ. ಆದರೆ ಉಚಿತ ಪ್ಲಾನ್‌ನಲ್ಲಿ ಕೊನೆಯ 10,000 ಸಂದೇಶ ಮಾತ್ರ ಕಾಣುತ್ತಿತ್ತು; 2022ರಲ್ಲಿ ಅದು 90 ದಿನ ಅಂತಾಯಿತು. ಕಚೇರಿ ತಂಡಗಳಿಗೆ ಹೊಲಿದ ಅಂಗಿ ಅದು, ಊರಿಗೆಲ್ಲ ಸಾಲದು. 2015ರಲ್ಲಿ ವೆಬ್‌ಪುಟ ಕಟ್ಟುವ ರಿಯಾಕ್ಟ್ ಬಳಸುವವರ ಬಳಗ ರಿಯಾಕ್ಟಿಫ್ಲಕ್ಸ್ ಸ್ಲ್ಯಾಕ್‌ನಲ್ಲಿ 7,000 ಜನ ದಾಟಿದಾಗ ಹೊಸಬರನ್ನು ಸೇರಿಸುವುದೇ ನಿಂತುಹೋಯಿತು. ಬಳಗ ಡಿಸ್ಕಾರ್ಡ್‌ಗೆ ಗಂಟುಮೂಟೆ ಕಟ್ಟಿತು. ಗೇಮ್ ಆಡುವವರಿಗಾಗಿ ಮಾಡಿದ ಆ್ಯಪ್ ಅದು. ಹಳೆಯದು ಅಲ್ಲಿ ಅಳಿಯುವುದಿಲ್ಲ. ಆದರೆ ಒಳಗಿನ ಮಾತು ಗೂಗಲ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ಅದೇ ಪ್ರಶ್ನೆ ವಾರವಾರ ಬರುತ್ತದೆ. ಹಳಬರು ಬೇಸತ್ತು ಒಂದೇ ಪದದಲ್ಲಿ ಉತ್ತರಿಸುತ್ತಾರೆ. ಇವರಿಗೆಲ್ಲ ಜಾಸ್ತಿ ಜಂಬ ಎಂದು ಹೊಸಬರು ಸುಮ್ನೆ ಹೊರಟುಹೋಗುತ್ತಾರೆ. ನಾನು ಎರಡೂ ಕಡೆ ಕೂತಿದ್ದೇನೆ. ಇಬ್ಬರದ್ದೂ ತಪ್ಪಿಲ್ಲ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಈ ಗುಳೆಯನ್ನು ಕೊಂಚ ತಾಳ್ಮೆಯಿಂದ ಮಾಡಿತು. 2019ರಲ್ಲಿ ಮ್ಯಾಟರ್‌ಮೋಸ್ಟ್, ಮ್ಯಾಟ್ರಿಕ್ಸ್, ರಾಕೆಟ್ ಚಾಟ್, ಸ್ಲ್ಯಾಕ್ ನಾಲ್ಕು ಚಾಟ್ ವ್ಯವಸ್ಥೆಗಳನ್ನೂ ಪರೀಕ್ಷಿಸಿ ಮ್ಯಾಟ್ರಿಕ್ಸ್ ಆರಿಸಿಕೊಂಡಿತು. 2020ರ ಮಾರ್ಚ್‌ನಲ್ಲಿ ತನ್ನ ಐಆರ್‌ಸಿ ಸರ್ವರ್ ಮುಚ್ಚಿತು. ಮರುವರ್ಷ ಮೇ ತಿಂಗಳಲ್ಲಿ ಓಪನ್ ಸೋರ್ಸ್ ಬಳಗಗಳು ಕೂಡುತ್ತಿದ್ದ ಐಆರ್‌ಸಿ ಜಾಲ ಫ್ರೀನೋಡ್ ಒಡೆಯಿತು. ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಉಬುಂಟು, ಜೆಂಟೂ, ವಿಕಿಮೀಡಿಯಾ ಬಳಗಗಳೂ ಹಿಂದೆಯೇ ಹೋದವು. ಗೂಗಲ್‌ನಲ್ಲಿ ಸಿಕ್ಕಿದ ಹಳೆಯ ಮಾರ್ಗದರ್ಶಿ ಓದಿ ಬಂದವರು ಮಾತ್ರ ಖಾಲಿ ಕೋಣೆಯಲ್ಲಿ 'ಹಲೋ' ಅನ್ನುತ್ತಿದ್ದರು.

ಈಚೆಗೆ ಗಾಳಿ ನಿಧಾನದ ಮಾತಿನ ಕಡೆಗಿದೆ. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಬಳಗ 2022ರಲ್ಲಿ ಮೇಲಿಂಗ್ ಲಿಸ್ಟ್ ಬಿಟ್ಟು ಡಿಸ್ಕೋರ್ಸ್ ಎಂಬ ವೆಬ್ ಚರ್ಚಾಕಟ್ಟೆಗೆ ಹೋಯಿತು. ಪ್ರೋಗ್ರಾಮಿಂಗ್ ಭಾಷೆ ರಸ್ಟ್‌ನ ತಂಡಗಳು ಜುಲಿಪ್ ಎಂಬ ಚಾಟ್‌ನಲ್ಲಿವೆ. ಅಲ್ಲಿ ಮಾತುಕತೆಗಳು ವಿಷಯದ ತಲೆಬರಹದಡಿ ಕೂರುತ್ತವೆ, ಮೂರು ದಿನ ಬಿಟ್ಟು ಬಂದರೂ ಎಳೆ ಸಿಗುತ್ತದೆ. ಮೊದಲ ಸಲ ನೋಡಿದವರಿಗೆ ಗಲಿಬಿಲಿಯಾಗುವುದು ನಿಜ, ನನಗೂ ಆಗಿತ್ತು. ಆದರೂ ಹೊಸಬರಿಗೆ ನಾನು ತೋರಿಸುವುದು ಅದನ್ನೇ.

ಒಂದೊಂದು ಗುಳೆಯಲ್ಲೂ ಒಂದಷ್ಟು ಜನ ಹಿಂದೆಯೇ ಉಳಿಯುತ್ತಾರೆ. ಅವರ ಮುಲಾಜಿಗೆ ಹಳೆಯ ಲಿಂಕನ್ನು ಯಾರೂ ಅಳಿಸುವುದಿಲ್ಲ. ಐದು ಲಿಂಕ್ ಆದದ್ದು ಹೀಗೆ. ಹೋದ ತಿಂಗಳು ಒಂದು ಪ್ರಾಜೆಕ್ಟಿನ ಟೆಲಿಗ್ರಾಮ್ ಗುಂಪಿನಲ್ಲಿ ಪ್ರಶ್ನೆ ಕೇಳಿದೆ. 'ಇಶ್ಯೂ ತೆರೆಯಿರಿ' ಅಂದರು, ಅಂದರೆ ಪ್ರಾಜೆಕ್ಟಿನ ದೂರುಪಟ್ಟಿಯಲ್ಲಿ ಬರೆಯಿರಿ ಎಂದು. ತೆರೆದೆ. ಪ್ರಶ್ನೆಗಳನ್ನು ಚಾಟ್‌ನಲ್ಲಿ ಕೇಳಿ ಎಂದು ಬರೆದು ಒಂದು ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಅದನ್ನು ಮುಚ್ಚಿತು.